ಬೈಬಲಿನ ಆರಾಧನೆಯಲ್ಲಿ ಪವಿತ್ರ ವಸ್ತುಗಳ ಗೌರವ

ದೇವರ ಸೇವೆಗೆಂದು ಮೀಸಲಾದ ಸ್ಥಳ, ಪಾತ್ರೆ, ತೈಲ, ಧೂಪ, ಆಹಾರ ಮತ್ತು ಉಡುಪುಗಳನ್ನು ಸಾಮಾನ್ಯ ಬಳಕೆಯಿಂದ ಬೇರ್ಪಡಿಸಿ, ನಿಗದಿತ ವ್ಯಕ್ತಿಗಳು ನಿಗದಿತ ರೀತಿಯಲ್ಲಿ ಮಾತ್ರ ಬಳಸಬೇಕೆಂಬ ನಿಯಮವು ಬೈಬಲಿನ ಆರಾಧನಾ ಪದ್ಧತಿಯ ಪ್ರಮುಖ ಅಂಶವಾಗಿದೆ. ಹೀಬ್ರೂ ಬೈಬಲಿನ ವಿಮೋಚನಕಾಂಡ, ಯಾಜಕಕಾಂಡ ಮತ್ತು ಅರಣ್ಯಕಾಂಡಗಳಲ್ಲಿ ಈ ನಿಯಮಗಳ ವಿವರಗಳಿವೆ. ಸಮುವೇಲ, ಅರಸುಗಳು, ಪೂರ್ವಕಾಲವೃತ್ತಾಂತ, ಎಜ್ರ ಮತ್ತು ದಾನಿಯೇಲ ಗ್ರಂಥಗಳಲ್ಲಿ ಇವುಗಳ ಪಾಲನೆ ಮತ್ತು ಉಲ್ಲಂಘನೆಯ ಪ್ರಸಂಗಗಳು ಬರುತ್ತವೆ. ವಸ್ತುವಿಗೆ ಸಲ್ಲಿಸುವ ಗೌರವವು ಎಲ್ಲಿಯವರೆಗೆ ದೇವರಿಗೆ ಸಲ್ಲುತ್ತದೆ, ಎಲ್ಲಿಂದ ಮುಂದೆ ಅದು ವಿಗ್ರಹಾರಾಧನೆಯೋ ಬರಿಯ ಬಾಹ್ಯಾಚಾರವೋ ಆಗುತ್ತದೆ ಎಂಬ ಪ್ರಶ್ನೆಯನ್ನೂ ಇದೇ ಗ್ರಂಥಗಳು ಎತ್ತುತ್ತವೆ. ಯೆಹೂದ್ಯ ಮತ್ತು ಕ್ರೈಸ್ತ ಸಂಪ್ರದಾಯಗಳೆರಡೂ ಈ ಪರಿಕಲ್ಪನೆಯನ್ನು ತಮ್ಮದೇ ರೀತಿಯಲ್ಲಿ ಮುಂದುವರಿಸಿವೆ.

ಪದ ಮತ್ತು ಪರಿಕಲ್ಪನೆ

ಹೀಬ್ರೂ ಭಾಷೆಯಲ್ಲಿ ಪವಿತ್ರತೆಯನ್ನು ಸೂಚಿಸುವ ಪದ 'ಕೋದೆಶ್'. ಬೈಬಲಿನ ಬಳಕೆಯಲ್ಲಿ ಇದಕ್ಕೆ ದೇವರಿಗೆ ಮೀಸಲಾದದ್ದು, ಪ್ರತ್ಯೇಕಿಸಲ್ಪಟ್ಟದ್ದು ಎಂಬ ಅರ್ಥವಿದೆ. ಇದರ ವಿರುದ್ಧಪದ 'ಹೋಲ್', ಅಂದರೆ ಸಾಮಾನ್ಯವಾದದ್ದು. ಸಾಮಾನ್ಯವಾದದ್ದೆಲ್ಲವೂ ಕೆಟ್ಟದ್ದಲ್ಲ, ದಿನನಿತ್ಯದ ಬಳಕೆಗೆ ಮುಕ್ತವಾಗಿರುವುದೆಂದಷ್ಟೇ ಇದರ ಅರ್ಥ. ಶುದ್ಧ ಮತ್ತು ಅಶುದ್ಧ ಎಂಬುದು ಇದಕ್ಕಿಂತ ಭಿನ್ನವಾದ ಇನ್ನೊಂದು ವಿಭಾಗ. ಪವಿತ್ರವಾದದ್ದನ್ನು ಸಾಮಾನ್ಯವಾದದ್ದರಿಂದಲೂ ಶುದ್ಧವಾದದ್ದನ್ನು ಅಶುದ್ಧವಾದದ್ದರಿಂದಲೂ ಬೇರ್ಪಡಿಸುವುದು ಹಾಗೂ ಆ ವ್ಯತ್ಯಾಸವನ್ನು ಜನರಿಗೆ ಬೋಧಿಸುವುದು ಯಾಜಕರ ಕರ್ತವ್ಯವೆಂದು ಯಾಜಕಕಾಂಡದ 10ನೆಯ ಅಧ್ಯಾಯ ಹೇಳುತ್ತದೆ.

ವಸ್ತುವಾಗಲಿ ಸ್ಥಳವಾಗಲಿ ತನ್ನ ಸ್ವಭಾವದಿಂದಲೇ ಪವಿತ್ರವಲ್ಲ, ದೇವರ ಸನ್ನಿಧಿಯಿಂದ ಅಥವಾ ಪ್ರತಿಷ್ಠೆಯಿಂದ ಪವಿತ್ರವಾಗುತ್ತದೆ ಎಂಬುದು ಈ ಗ್ರಂಥಗಳ ನಿಲುವು. ವಿಮೋಚನಕಾಂಡದ 3ನೆಯ ಅಧ್ಯಾಯದಲ್ಲಿ ಕುರಿ ಮೇಯಿಸುತ್ತಿದ್ದ ಮೋಶೆಯು ಉರಿಯುತ್ತಿದ್ದರೂ ಸುಟ್ಟುಹೋಗದ ಪೊದೆಯೊಂದನ್ನು ಕಂಡು ಹತ್ತಿರ ಹೋದಾಗ, ಅವನು ನಿಂತ ನೆಲ ಪವಿತ್ರವಾದ್ದರಿಂದ ಕೆರಗಳನ್ನು ಕಳಚಬೇಕೆಂಬ ಆಜ್ಞೆಯಾಗುತ್ತದೆ. ಅದುವರೆಗೆ ಅದು ಕುರಿ ಮೇಯುವ ಬೆಟ್ಟದ ತಪ್ಪಲಾಗಿತ್ತು. ಯೆಹೋಶುವ ಗ್ರಂಥದ 5ನೆಯ ಅಧ್ಯಾಯದಲ್ಲಿ ಯೆರಿಕೋ ಪಟ್ಟಣದ ಬಳಿ ಯೆಹೋಶುವನಿಗೂ ಇಂಥದೇ ಆಜ್ಞೆ ದೊರೆಯುತ್ತದೆ.

ದೇವದರ್ಶನದ ಗುಡಾರ ಮತ್ತು ಅದರ ಸಾಮಗ್ರಿಗಳು

ಈಜಿಪ್ಟಿನಿಂದ ಹೊರಟ ಇಸ್ರಾಯೇಲರು ಅರಣ್ಯದಲ್ಲಿ ಆರಾಧನೆಗಾಗಿ ನಿರ್ಮಿಸಿದ ಗುಡಾರದ ವಿವರಗಳು ವಿಮೋಚನಕಾಂಡದ 25ರಿಂದ 31 ಮತ್ತು 35ರಿಂದ 40ನೆಯ ಅಧ್ಯಾಯಗಳಲ್ಲಿವೆ. ಬಿಚ್ಚಿ ಹೊತ್ತೊಯ್ಯಲು ಅನುಕೂಲವಾದ ಈ ಗುಡಾರಕ್ಕೆ 100 ಮೊಳ ಉದ್ದ, 50 ಮೊಳ ಅಗಲದ ಅಂಗಳವಿತ್ತು. ಒಳಭಾಗವನ್ನು ತೆರೆಯೊಂದು ಪವಿತ್ರಸ್ಥಾನ ಮತ್ತು ಮಹಾಪವಿತ್ರಸ್ಥಾನ ಎಂದು ಎರಡಾಗಿ ವಿಭಾಗಿಸುತ್ತಿತ್ತು.

ಮಹಾಪವಿತ್ರಸ್ಥಾನದಲ್ಲಿ ಒಡಂಬಡಿಕೆಯ ಮಂಜೂಷವಿತ್ತು. ಜಾಲಿಮರದಿಂದ ಮಾಡಿ ಒಳಗೂ ಹೊರಗೂ ಚಿನ್ನದ ತಗಡು ಹೊದಿಸಿದ ಈ ಪೆಟ್ಟಿಗೆಯ ಉದ್ದ ಎರಡೂವರೆ ಮೊಳ. ಅಗಲ ಮತ್ತು ಎತ್ತರ ತಲಾ ಒಂದೂವರೆ ಮೊಳ. ಮೊಳವನ್ನು ಸುಮಾರು 45 ಸೆಂಟಿಮೀಟರ್ ಎಂದು ಎಣಿಸಿದರೆ ಇದು ಸುಮಾರು 112 ಸೆಂಟಿಮೀಟರ್ ಉದ್ದ ಮತ್ತು 67 ಸೆಂಟಿಮೀಟರ್ ಅಗಲದ್ದಾಗುತ್ತದೆ. ದಶಾಜ್ಞೆಗಳ ಶಿಲಾಶಾಸನಗಳು ಇದರೊಳಗಿದ್ದವು. ಇದರ ಮುಚ್ಚಳವಾದ ಕೃಪಾಸನದ ಮೇಲೆ ರೆಕ್ಕೆ ಚಾಚಿದ ಎರಡು ಕೆರೂಬಿಗಳ ಆಕೃತಿಗಳಿದ್ದವು. ಪವಿತ್ರಸ್ಥಾನದಲ್ಲಿ ಏಳು ದೀಪಗಳ ಚಿನ್ನದ ದೀಪಸ್ತಂಭ, ಹನ್ನೆರಡು ರೊಟ್ಟಿಗಳನ್ನಿಡುವ ಮೇಜು ಮತ್ತು ಧೂಪವೇದಿಕೆಗಳಿದ್ದವು. ಅಂಗಳದಲ್ಲಿ ಕಂಚಿನ ಯಜ್ಞವೇದಿಕೆ ಮತ್ತು ಯಾಜಕರು ಕೈಕಾಲು ತೊಳೆಯುವ ಕಂಚಿನ ತೊಟ್ಟಿ ಇದ್ದವು.

ಈ ವ್ಯವಸ್ಥೆಯಲ್ಲಿ ಒಳಕ್ಕೆ ಹೋದಂತೆ ಲೋಹದ ಬೆಲೆ ಹೆಚ್ಚುತ್ತದೆ, ಪ್ರವೇಶದ ಹಕ್ಕು ಕಡಿಮೆಯಾಗುತ್ತದೆ. ಅಂಗಳದಲ್ಲಿ ಕಂಚು, ಒಳಗೆ ಚಿನ್ನ. ಜನರು ಅಂಗಳದವರೆಗೆ, ಯಾಜಕರು ಪವಿತ್ರಸ್ಥಾನದವರೆಗೆ ಬರಬಹುದಾಗಿತ್ತು. ಮಹಾಪವಿತ್ರಸ್ಥಾನಕ್ಕೆ ಮಹಾಯಾಜಕನೊಬ್ಬನಿಗೆ ಮಾತ್ರ, ಅದೂ ವರ್ಷಕ್ಕೊಮ್ಮೆ ದೋಷಪರಿಹಾರಕ ದಿನದಂದು, ಪ್ರವೇಶವಿತ್ತು. ಅಂದು ಆತನು ಸ್ನಾನ ಮಾಡಿ, ಸಾದಾ ನಾರುಬಟ್ಟೆ ಧರಿಸಿ, ಕೃಪಾಸನವು ಧೂಪದ ಹೊಗೆಯಿಂದ ಮುಚ್ಚಿಹೋಗುವಂತೆ ಮಾಡಿ ಒಳಗೆ ಪ್ರವೇಶಿಸಬೇಕಾಗಿತ್ತು. ವರ್ಷದ ಅತ್ಯಂತ ಪವಿತ್ರ ದಿನದ ಈ ಪ್ರವೇಶಕ್ಕೆ ಮಹಾಯಾಜಕನ ಚಿನ್ನದ ಅಲಂಕಾರದ ಉಡುಪು ಬಳಕೆಯಾಗುತ್ತಿರಲಿಲ್ಲ ಎಂಬುದು ಗಮನಾರ್ಹ.

ಅಭಿಷೇಕ ತೈಲ ಮತ್ತು ಧೂಪ

ವಿಮೋಚನಕಾಂಡದ 30ನೆಯ ಅಧ್ಯಾಯದಲ್ಲಿ ಅಭಿಷೇಕ ತೈಲದ ಪಾಕವಿಧಾನವಿದೆ. ರಕ್ತಬೋಳ 500 ಶೆಕೆಲ್, ದಾಲ್ಚಿನ್ನಿ 250 ಶೆಕೆಲ್, ಸುಗಂಧದ ಬಜೆ 250 ಶೆಕೆಲ್, ದಾಲ್ಚಿನ್ನಿಯ ಜಾತಿಗೇ ಸೇರಿದ ಇನ್ನೊಂದು ತೊಗಟೆ 500 ಶೆಕೆಲ್; ಇವುಗಳಿಗೆ ಒಂದು ಹಿನ್ ಅಳತೆಯ ಎಣ್ಣೆಮರದ ಎಣ್ಣೆ. ಗುಡಾರಕ್ಕೂ ಅದರ ಸಮಸ್ತ ಸಾಮಗ್ರಿಗಳಿಗೂ ಯಾಜಕರಿಗೂ ಈ ತೈಲವನ್ನು ಹಚ್ಚಿ ಪ್ರತಿಷ್ಠಿಸಲಾಗುತ್ತಿತ್ತು. ಧೂಪಕ್ಕೂ ಇಂಥದೇ ನಿಶ್ಚಿತ ಮಿಶ್ರಣವಿತ್ತು.

ಇದೇ ಪ್ರಮಾಣದಲ್ಲಿ ಸ್ವಂತ ಬಳಕೆಗೆ ತೈಲವನ್ನಾಗಲಿ ಧೂಪವನ್ನಾಗಲಿ ತಯಾರಿಸುವವನನ್ನು ಕುಲದಿಂದ ತೆಗೆದುಹಾಕಬೇಕೆಂಬ ನಿಯಮವಿತ್ತು. ಈ ದ್ರವ್ಯಗಳನ್ನು ಬಿಡಿಬಿಡಿಯಾಗಿ ಬಳಸಲು ಅಡ್ಡಿಯಿರಲಿಲ್ಲ. ನಿಷೇಧವಿದ್ದುದು ದೇವರ ಸೇವೆಗೆ ಗೊತ್ತುಮಾಡಿದ ಆ ಮಿಶ್ರಣವನ್ನು ಮನೆಯ ಸುಖಕ್ಕಾಗಿ ಮಾಡಿಕೊಳ್ಳುವುದಕ್ಕೆ.

ಸಾಗಣೆಯ ನಿಯಮಗಳು

ಪಾಳೆಯ ಕಿತ್ತು ಹೊರಡುವಾಗ ಅನುಸರಿಸಬೇಕಾದ ಕ್ರಮವನ್ನು ಅರಣ್ಯಕಾಂಡದ 4ನೆಯ ಅಧ್ಯಾಯ ವಿವರಿಸುತ್ತದೆ. ಮೊದಲು ಯಾಜಕರು ಒಳಗೆ ಹೋಗಿ ತೆರೆಯನ್ನು ಇಳಿಸಿ ಅದರಿಂದಲೇ ಮಂಜೂಷವನ್ನು ಮುಚ್ಚಬೇಕು. ಅದರ ಮೇಲೆ ತೊಗಲು, ಎಲ್ಲಕ್ಕೂ ಮೇಲೆ ನೀಲಿ ಬಟ್ಟೆ ಹೊದಿಸಬೇಕು. ಮೇಜು, ದೀಪಸ್ತಂಭ, ವೇದಿಕೆಗಳಿಗೆ ಬಣ್ಣದ ಬಟ್ಟೆ ಒಳಗಿದ್ದು ತೊಗಲು ಹೊರಗಿರುತ್ತಿತ್ತು. ಹೀಗಾಗಿ ಪ್ರಯಾಣದಲ್ಲಿ ನೀಲಿ ಹೊದಿಕೆಯ ಮಂಜೂಷವನ್ನು ಉಳಿದವುಗಳಿಂದ ಗುರುತಿಸಬಹುದಾಗಿತ್ತು.

ಯಾಜಕರು ಮುಚ್ಚಿ ಮುಗಿಸಿದ ನಂತರವೇ ಲೇವಿ ಕುಲದ ಕೆಹಾತ್ಯರು ಬಂದು ಅವುಗಳನ್ನು ಎತ್ತಬೇಕು. ಅವರು 30ರಿಂದ 50 ವರ್ಷದೊಳಗಿನವರಾಗಿರಬೇಕು. ಪವಿತ್ರ ವಸ್ತುಗಳನ್ನು ಮುಟ್ಟಬಾರದು, ಮುಚ್ಚುವುದಕ್ಕೆ ಮೊದಲು ಕ್ಷಣಮಾತ್ರವೂ ನೋಡಬಾರದು, ಮೀರಿದರೆ ಮರಣ. ಮಂಜೂಷದ ಬಳೆಗಳಿಗೆ ಸೇರಿಸಿದ ಕೋಲುಗಳನ್ನು ಎಂದಿಗೂ ತೆಗೆಯಕೂಡದೆಂಬ ವಿಧಿಯೂ ಇತ್ತು. ಆದ್ದರಿಂದ ಅದನ್ನು ಎತ್ತುವವರಿಗೆ ಪೆಟ್ಟಿಗೆಯನ್ನು ಮುಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ.

7ನೆಯ ಅಧ್ಯಾಯದಲ್ಲಿ ಕುಲಾಧಿಪತಿಗಳು ಕಾಣಿಕೆಯಾಗಿ ಕೊಟ್ಟ ಆರು ಬಂಡಿಗಳ ಹಂಚಿಕೆಯ ವಿವರವಿದೆ. ಪರದೆ, ಬಟ್ಟೆಗಳನ್ನು ಸಾಗಿಸುವ ಗೇರ್ಷೋನ್ಯರಿಗೆ ಎರಡು ಬಂಡಿ, ನಾಲ್ಕು ಎತ್ತು. ಚೌಕಟ್ಟು, ಕಂಬಗಳನ್ನು ಸಾಗಿಸುವ ಮೆರಾರೀಯರಿಗೆ ನಾಲ್ಕು ಬಂಡಿ, ಎಂಟು ಎತ್ತು. ಕೆಹಾತ್ಯರಿಗೆ ಬಂಡಿಯನ್ನು ಕೊಡಲಿಲ್ಲ. ಅವರ ಪಾಲಿನ ಹೊರೆಯನ್ನು ಹೆಗಲ ಮೇಲೆಯೇ ಹೊರಬೇಕಾಗಿತ್ತು.

ನಿಯಮಭಂಗದ ಪ್ರಸಂಗಗಳು

ಆರೋನನ ಮಕ್ಕಳಾದ ನಾದಾಬ್ ಮತ್ತು ಅಬೀಹೂ ಯಾಜಕರಾಗಿ ಪ್ರತಿಷ್ಠಿತರಾದ ಬೆನ್ನಲ್ಲೇ, ಆಜ್ಞೆಯಿಲ್ಲದ ಬೇರೆ ಬೆಂಕಿಯನ್ನು ಧೂಪಾರತಿಯಲ್ಲಿ ತಂದು ಅದೇ ಸನ್ನಿಧಿಯಲ್ಲಿ ಮಡಿದರೆಂದು ಯಾಜಕಕಾಂಡದ 10ನೆಯ ಅಧ್ಯಾಯ ಹೇಳುತ್ತದೆ. ಸಾಮಾನ್ಯ ಜನರಿಗಿಂತ ಹತ್ತಿರದಲ್ಲಿರುವ ಸೇವಕರ ಹೊಣೆಯೇ ಹೆಚ್ಚಿನದು ಎಂಬುದು ಈ ಪ್ರಸಂಗದ ತಾತ್ಪರ್ಯವೆಂದು ಸಾಮಾನ್ಯವಾಗಿ ಅರ್ಥೈಸಲಾಗುತ್ತದೆ.

ಒಂದನೆಯ ಸಮುವೇಲ ಗ್ರಂಥದಲ್ಲಿ ಶೀಲೋವಿನ ಯಾಜಕ ಏಲಿಯ ಮಕ್ಕಳಾದ ಹೊಫ್ನಿ ಮತ್ತು ಫೀನೆಹಾಸರ ವೃತ್ತಾಂತವಿದೆ. ಭಕ್ತರು ತಂದ ಯಜ್ಞದ ಮಾಂಸವನ್ನು, ಅದರ ಕೊಬ್ಬನ್ನು ಅರ್ಪಿಸುವುದಕ್ಕೆ ಮೊದಲೇ, ಇವರು ಬಲವಂತವಾಗಿ ಕಿತ್ತುಕೊಳ್ಳುತ್ತಿದ್ದರು. ಮುಂದೆ ಫಿಲಿಷ್ಟಿಯರೊಡನೆ ನಡೆದ ಯುದ್ಧದಲ್ಲಿ ಇಸ್ರಾಯೇಲರು ಸೋತಾಗ, ಗೆಲುವು ದೊರೆಯಬಹುದೆಂದು ಮಂಜೂಷವನ್ನು ರಣರಂಗಕ್ಕೆ ತರಿಸಿದರು. ಯುದ್ಧದಲ್ಲಿ ಮತ್ತೆ ಸೋಲಾಯಿತು, ಇಬ್ಬರು ಯಾಜಕರೂ ಸತ್ತರು, ಮಂಜೂಷ ಶತ್ರುಗಳ ವಶವಾಯಿತು. ಏಳು ತಿಂಗಳ ನಂತರ ಫಿಲಿಷ್ಟಿಯರು ಅದನ್ನು ಹೊಸ ಬಂಡಿಯೊಂದರಲ್ಲಿಟ್ಟು, ಎರಡು ಹಾಲುಕರೆಯುವ ಹಸುಗಳನ್ನು ಕಟ್ಟಿ ಹಿಂದಕ್ಕೆ ಕಳುಹಿಸಿದರು.

ಈ ಸರಣಿಯಲ್ಲಿ ಹೆಚ್ಚು ಚರ್ಚೆಗೆ ಒಳಗಾಗಿರುವುದು ಉಜ್ಜನ ಮರಣ. ಎರಡನೆಯ ಸಮುವೇಲ ಗ್ರಂಥದ 6ನೆಯ ಅಧ್ಯಾಯದ ಪ್ರಕಾರ ಅರಸನಾದ ದಾವೀದನು ಮಂಜೂಷವನ್ನು ಅಬೀನಾದಾಬನ ಮನೆಯಿಂದ ಯೆರೂಸಲೇಮಿಗೆ ತರಲು ಹೊಸ ಬಂಡಿಯನ್ನು ಸಿದ್ಧಪಡಿಸಿದನು. ವಾದ್ಯಘೋಷದೊಡನೆ ಮೆರವಣಿಗೆ ಸಾಗುತ್ತಿದ್ದಾಗ ಕಣವೊಂದರ ಬಳಿ ಎತ್ತುಗಳು ಮುಗ್ಗರಿಸಿದವು. ಮಂಜೂಷ ಬೀಳಬಾರದೆಂದು ಅಬೀನಾದಾಬನ ಮಗ ಉಜ್ಜನು ಕೈಚಾಚಿ ಹಿಡಿದನು. ಹಿಡಿದವನು ಅಲ್ಲಿಯೇ ಸತ್ತನು. ದಾವೀದನು ಮೊದಲು ಸಿಟ್ಟಾದನು, ಅನಂತರ ಹೆದರಿದನು. ಮಂಜೂಷವನ್ನು ಓಬೇದೆದೋಮನ ಮನೆಯಲ್ಲಿ ಮೂರು ತಿಂಗಳು ಇರಿಸಲಾಯಿತು. ಆ ಮನೆಗೆ ಒಳಿತಾಯಿತೆಂಬ ಸುದ್ದಿ ಬಂದ ಮೇಲೆ ಅದನ್ನು ಯೆರೂಸಲೇಮಿಗೆ ತರಲಾಯಿತು.

ಉಜ್ಜನ ಉದ್ದೇಶ ಒಳ್ಳೆಯದಾಗಿದ್ದರೂ ಶಿಕ್ಷೆ ಏಕೆ ಎಂಬ ಪ್ರಶ್ನೆಗೆ ಸಮುವೇಲ ಗ್ರಂಥವು ವಿಸ್ತಾರವಾದ ಉತ್ತರ ಕೊಡುವುದಿಲ್ಲ. ಒಂದನೆಯ ಪೂರ್ವಕಾಲವೃತ್ತಾಂತದ 15ನೆಯ ಅಧ್ಯಾಯವು ತಪ್ಪನ್ನು ಉಜ್ಜನೊಬ್ಬನ ಮೇಲೆ ಹೊರಿಸದೆ ಇಡೀ ಏರ್ಪಾಡಿನಲ್ಲಿ ಕಾಣುತ್ತದೆ. ಲೇವಿಯರು ಮಂಜೂಷವನ್ನು ಹೊರದಿದ್ದುದೇ ಅನಾಹುತಕ್ಕೆ ಕಾರಣವೆಂದು ದಾವೀದನು ಅಲ್ಲಿ ಹೇಳುತ್ತಾನೆ. ಎರಡನೆಯ ಬಾರಿ ಅವರು ಅದನ್ನು ಕೋಲುಗಳಿಂದ ಹೆಗಲ ಮೇಲೆ ಹೊರುತ್ತಾರೆ. ಬಂಡಿಯ ಪದ್ಧತಿ ಫಿಲಿಷ್ಟಿಯರದು. ಹೆಗಲ ಮೇಲೆ ಹೊತ್ತಿದ್ದರೆ ಎತ್ತುಗಳು ಮುಗ್ಗರಿಸುವ ಪ್ರಶ್ನೆಯೂ, ಕೈಚಾಚುವ ಪ್ರಶ್ನೆಯೂ ಬರುತ್ತಿರಲಿಲ್ಲ.

ಯೆಹೂದದ ಅರಸ ಉಜ್ಜೀಯನು ಪ್ರಬಲನಾದ ಮೇಲೆ ತಾನೇ ದೇವಾಲಯವನ್ನು ಹೊಕ್ಕು ಧೂಪ ಹಾಕಲು ಮುಂದಾದುದನ್ನು ಎರಡನೆಯ ಪೂರ್ವಕಾಲವೃತ್ತಾಂತದ 26ನೆಯ ಅಧ್ಯಾಯ ವಿವರಿಸುತ್ತದೆ. ಯಾಜಕ ಅಜರ್ಯನು ಇತರ 80 ಯಾಜಕರೊಡನೆ ಆತನನ್ನು ತಡೆದನು. ಕೋಪಗೊಂಡ ಅರಸನ ಹಣೆಯಲ್ಲಿ ತೊನ್ನು ಕಾಣಿಸಿಕೊಂಡಿತು. ರಾಜಾಧಿಕಾರವೂ ಈ ಮೇರೆಯನ್ನು ದಾಟಕೂಡದೆಂಬುದನ್ನು ಈ ಕಥನ ಸ್ಪಷ್ಟಪಡಿಸುತ್ತದೆ.

ಗೌರವದ ಮಿತಿಗಳು

ನಿಯಮಗಳ ಕಠಿಣತೆಯ ಜೊತೆಗೆ ಅದಕ್ಕೆ ಮಿತಿಯನ್ನು ಸೂಚಿಸುವ ಪ್ರಸಂಗಗಳೂ ಬೈಬಲಿನಲ್ಲಿವೆ.

ಗುಡಾರದ ಮೇಜಿನ ಮೇಲೆ ಪ್ರತಿ ಸಬ್ಬತ್ ದಿನ ಹನ್ನೆರಡು ಹೊಸ ರೊಟ್ಟಿಗಳನ್ನಿಟ್ಟು, ತೆಗೆದ ರೊಟ್ಟಿಗಳನ್ನು ಯಾಜಕರು ಮಾತ್ರ ಪವಿತ್ರಸ್ಥಳದಲ್ಲಿ ತಿನ್ನಬೇಕಾಗಿತ್ತು. ಒಂದನೆಯ ಸಮುವೇಲ ಗ್ರಂಥದ 21ನೆಯ ಅಧ್ಯಾಯದಲ್ಲಿ ಸೌಲನಿಂದ ತಪ್ಪಿಸಿಕೊಂಡು ಹಸಿದು ಬಂದ ದಾವೀದನಿಗೆ, ಬೇರೆ ರೊಟ್ಟಿಯಿಲ್ಲದ ಕಾರಣ, ನೋಬ್ ಊರಿನ ಯಾಜಕ ಅಹೀಮೆಲೆಕನು ಈ ನೈವೇದ್ಯದ ರೊಟ್ಟಿಯನ್ನೇ ಕೊಡುತ್ತಾನೆ. ಇದಕ್ಕಾಗಿ ಇಬ್ಬರಿಗೂ ದೈವದಂಡನೆಯಾದ ಉಲ್ಲೇಖವಿಲ್ಲ. ಸಬ್ಬತ್ ದಿನ ತೆನೆ ಕಿತ್ತು ತಿಂದ ಶಿಷ್ಯರನ್ನು ಸಮರ್ಥಿಸುವಾಗ ಯೇಸು ಇದೇ ಪ್ರಸಂಗವನ್ನು ಉದಾಹರಿಸಿದನೆಂದು ಸುವಾರ್ತೆಗಳು ಹೇಳುತ್ತವೆ.

ಮೋಶೆಯು ಅರಣ್ಯದಲ್ಲಿ ಮಾಡಿಸಿದ ಕಂಚಿನ ಸರ್ಪವನ್ನು ಜನರು ಪೀಳಿಗೆಗಳ ಕಾಲ ಕಾಪಾಡಿಕೊಂಡು ಬಂದು ಕೊನೆಗೆ ಅದಕ್ಕೇ ಧೂಪ ಹಾಕತೊಡಗಿದಾಗ, ಅರಸ ಹಿಜ್ಕೀಯನು ಅದನ್ನು ಒಡೆದುಹಾಕಿಸಿದನು. ಎರಡನೆಯ ಅರಸುಗಳು ಗ್ರಂಥದ 18ನೆಯ ಅಧ್ಯಾಯವು ಇದನ್ನು ಆತನ ಸತ್ಕಾರ್ಯಗಳ ಪಟ್ಟಿಯಲ್ಲಿ ಸೇರಿಸಿದೆ. ದೇವರ ಆಜ್ಞೆಯಿಂದಲೇ ನಿರ್ಮಾಣವಾದ ವಸ್ತುವಾದರೂ ದೇವರ ಸ್ಥಾನವನ್ನು ಆಕ್ರಮಿಸಿದಾಗ ಅದು ಗೌರವಕ್ಕೆ ಅರ್ಹವಲ್ಲ ಎಂಬುದು ಇದರ ಅರ್ಥ.

ಪ್ರವಾದಿ ಯೆರೆಮೀಯನು ದೇವಾಲಯದ ಬಾಗಿಲಲ್ಲೇ ನಿಂತು ಮಾಡಿದ ಉಪದೇಶ ಇನ್ನೂ ತೀಕ್ಷ್ಣವಾದದ್ದು. ಪರದೇಶಿ, ಅನಾಥ, ವಿಧವೆಯರನ್ನು ಹಿಂಸಿಸುತ್ತ, ಕಳವು ಮತ್ತು ಸುಳ್ಳು ಸಾಕ್ಷಿಗಳಲ್ಲಿ ತೊಡಗಿದವರು ದೇವಾಲಯದ ಹೆಸರನ್ನು ಜಪಿಸಿದ ಮಾತ್ರಕ್ಕೆ ಸುರಕ್ಷಿತರಾಗುವುದಿಲ್ಲ, ಶೀಲೋವಿಗೆ ಬಂದ ಗತಿಯೇ ಇದಕ್ಕೂ ಬರುತ್ತದೆ ಎಂದು ಆತನು ಎಚ್ಚರಿಸಿದನು. ಈ ಮಾತಿಗಾಗಿ ಆತನನ್ನು ಕೊಲ್ಲಬೇಕೆಂಬ ಒತ್ತಾಯ ಬಂದುದನ್ನು 26ನೆಯ ಅಧ್ಯಾಯ ದಾಖಲಿಸುತ್ತದೆ.

ಪಾತ್ರೆಗಳ ಸೆರೆ ಮತ್ತು ಮರಳುವಿಕೆ

ಕ್ರಿ.ಪೂ. 6ನೆಯ ಶತಮಾನದ ಆರಂಭದಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮನ್ನು ವಶಪಡಿಸಿಕೊಂಡು ಸೊಲೊಮೋನನು ಕಟ್ಟಿಸಿದ ದೇವಾಲಯವನ್ನು ಸುಡಿಸಿದನು. ಕಂಚಿನ ಸ್ತಂಭಗಳನ್ನು ತುಂಡುಮಾಡಿ, ಪಾತ್ರೆಗಳನ್ನು ಕೊಳ್ಳೆಹೊಡೆದು ಬಾಬಿಲೋನಿಗೆ ಸಾಗಿಸಲಾಯಿತು. ಕೊಳ್ಳೆಯ ಪಟ್ಟಿಗಳಲ್ಲಿ ಮಂಜೂಷದ ಹೆಸರು ಕಾಣುವುದಿಲ್ಲ.

ದಾನಿಯೇಲ ಗ್ರಂಥದ 5ನೆಯ ಅಧ್ಯಾಯದಲ್ಲಿ ಬೇಲ್ಶಚ್ಚರನು ಔತಣವೊಂದರಲ್ಲಿ ಈ ಪಾತ್ರೆಗಳನ್ನು ತರಿಸಿ, ಅವುಗಳಲ್ಲಿ ದ್ರಾಕ್ಷಾರಸ ಕುಡಿಯುತ್ತ ತನ್ನ ದೇವತೆಗಳನ್ನು ಹೊಗಳುತ್ತಾನೆ. ಆಗ ಗೋಡೆಯ ಮೇಲೆ ಕೈಯೊಂದು ಬರೆದ ಅಕ್ಷರಗಳು ಆತನ ರಾಜ್ಯದ ಅಂತ್ಯವನ್ನು ಸಾರುತ್ತವೆ. ಬಾಬಿಲೋನಿನ ಶಾಸನಗಳ ಪ್ರಕಾರ ಈತನು ಕೊನೆಯ ಅರಸ ನಬೊನಿಡಸ್‌ನ ಮಗ. ಕ್ರಿ.ಪೂ. 539ರಲ್ಲಿ ಬಾಬಿಲೋನ್ ಪರ್ಷಿಯದ ಕೋರೆಷನ ವಶವಾಯಿತು.

ಕೋರೆಷನು ಪಾತ್ರೆಗಳನ್ನು ಹಿಂದಿರುಗಿಸಿದನೆಂದು ಎಜ್ರ ಗ್ರಂಥದ ಮೊದಲ ಅಧ್ಯಾಯ ಹೇಳುತ್ತದೆ. ಆತನ ಖಜಾಂಚಿ ಮಿತ್ರದಾತನು ಒಂದೊಂದನ್ನೂ ಎಣಿಸಿ ಯೆಹೂದದ ಅಧಿಪತಿ ಶೆಷ್ಬಚ್ಚರನಿಗೆ ಒಪ್ಪಿಸಿದನು. ಒಟ್ಟು 5,400 ಎಂದು ಅಲ್ಲಿ ನಮೂದಾಗಿದ್ದರೂ ಹೀಬ್ರೂ ಪಾಠದಲ್ಲಿ ಬಿಡಿಬಿಡಿಯಾಗಿ ಕೊಟ್ಟ ಸಂಖ್ಯೆಗಳ ಮೊತ್ತ 2,499 ಮಾತ್ರ ಆಗುತ್ತದೆ. ಮುಂದೆ ಎಜ್ರನು ಕಾಣಿಕೆಯ ಬೆಳ್ಳಿ, ಚಿನ್ನ ಮತ್ತು ಪಾತ್ರೆಗಳನ್ನು ತೂಗಿ ಯಾಜಕರ ವಶಕ್ಕೆ ಕೊಟ್ಟದ್ದನ್ನೂ, ಯೆರೂಸಲೇಮನ್ನು ಮುಟ್ಟಿದ ನಾಲ್ಕನೆಯ ದಿನ ಮತ್ತೆ ತೂಗಿ ಬರೆದಿಟ್ಟದ್ದನ್ನೂ 8ನೆಯ ಅಧ್ಯಾಯ ತಿಳಿಸುತ್ತದೆ. ಇಲ್ಲಿ ಗೌರವವು ಪ್ರಾಮಾಣಿಕ ಲೆಕ್ಕದ ರೂಪವನ್ನು ತಾಳಿದೆ.

ಎರಡನೆಯ ದೇವಾಲಯದ ಕಾಲ

ಪುನರ್ನಿರ್ಮಿತ ದೇವಾಲಯದ ಮಹಾಪವಿತ್ರಸ್ಥಾನದಲ್ಲಿ ಮಂಜೂಷವಿರಲಿಲ್ಲ. ಬರಿದಾದ ಕೋಣೆಯ ಪಾವಿತ್ರ್ಯವನ್ನು ಜನರು ಮೊದಲಿನಂತೆಯೇ ಕಾಪಾಡಿದರು. ಕ್ರಿ.ಪೂ. 167ರಲ್ಲಿ ಗ್ರೀಕ್ ಅರಸ ನಾಲ್ಕನೆಯ ಅಂತಿಯೋಕಸನು ಯಜ್ಞವೇದಿಕೆಯನ್ನು ಅಪವಿತ್ರಗೊಳಿಸಿದನು. ಯೂದ ಮಕ್ಕಬಿಯನ ನಾಯಕತ್ವದಲ್ಲಿ ಕ್ರಿ.ಪೂ. 164ರಲ್ಲಿ ನಡೆದ ಮರುಪ್ರತಿಷ್ಠೆಯ ನೆನಪಿಗಾಗಿ ಹನುಕ್ಕಾ ಹಬ್ಬವನ್ನು ಆಚರಿಸಲಾಗುತ್ತದೆ. ಹಳೆಯ ವೇದಿಕೆಯ ಕಲ್ಲುಗಳನ್ನು ಬಳಸಲೂ ಆಗದೆ ಎಸೆಯಲೂ ಮನಸ್ಸಾಗದೆ, ಪ್ರವಾದಿಯೊಬ್ಬನು ಬಂದು ಹೇಳುವವರೆಗೆ ಅವುಗಳನ್ನು ಬೇರೆಯಾಗಿ ಇರಿಸಿದರೆಂದು ಒಂದನೆಯ ಮಕ್ಕಬಿಯ ಗ್ರಂಥ ಹೇಳುತ್ತದೆ.

ಅನ್ಯಜನರು ಒಳ ಅಂಗಳವನ್ನು ಪ್ರವೇಶಿಸಿದರೆ ಮರಣಕ್ಕೆ ತಾವೇ ಹೊಣೆ ಎಂದು ಎಚ್ಚರಿಸುವ ಗ್ರೀಕ್ ಶಿಲಾಶಾಸನವೊಂದು 1871ರಲ್ಲಿ ಯೆರೂಸಲೇಮಿನಲ್ಲಿ ದೊರೆಯಿತು. ಅದು ಈಗ ಇಸ್ತಾಂಬುಲ್ ಪುರಾತತ್ವ ಸಂಗ್ರಹಾಲಯದಲ್ಲಿದೆ. ಕ್ರಿ.ಶ. 70ರಲ್ಲಿ ರೋಮನರು ದೇವಾಲಯವನ್ನು ನಾಶಮಾಡಿದರು. ದೀಪಸ್ತಂಭ ಮತ್ತು ಮೇಜನ್ನು ಸೈನಿಕರು ಮೆರವಣಿಗೆಯಲ್ಲಿ ಹೊತ್ತೊಯ್ಯುವ ದೃಶ್ಯವನ್ನು ರೋಮಿನ ಟೈಟಸ್ ಕಮಾನಿನ ಉಬ್ಬುಶಿಲ್ಪದಲ್ಲಿ ಇಂದಿಗೂ ಕಾಣಬಹುದು.

ಯೆಹೂದ್ಯ ಸಂಪ್ರದಾಯದಲ್ಲಿ

ದೇವಾಲಯದ ನಾಶದ ನಂತರ ಗೌರವದ ಕೇಂದ್ರವು ಧರ್ಮಶಾಸ್ತ್ರದ ಸುರುಳಿಯ ಕಡೆಗೆ ಸರಿಯಿತು. ಸಭಾಮಂದಿರಗಳಲ್ಲಿ ತೋರಾ ಸುರುಳಿಯನ್ನು ಕಪಾಟಿನಲ್ಲಿಟ್ಟು ಬಟ್ಟೆ ಹೊದಿಸಲಾಗುತ್ತದೆ. ಓದುವಾಗ ಚರ್ಮಪತ್ರವನ್ನು ಬೆರಳಿನಿಂದ ಮುಟ್ಟದೆ 'ಯಾದ್' ಎಂಬ, ಕೈಯಾಕಾರದ ತುದಿಯುಳ್ಳ ಕಡ್ಡಿಯಿಂದ ಸಾಲುಗಳನ್ನು ತೋರಿಸಲಾಗುತ್ತದೆ. ಕಪಾಟನ್ನು ತೆರೆದಾಗ ಜನರು ಎದ್ದು ನಿಲ್ಲುತ್ತಾರೆ.

ದೇವರ ನಾಮವಿರುವ ಹಳೆಯ ಹಾಳೆಗಳನ್ನು ಎಸೆಯದೆ 'ಗೆನಿಜಾ' ಎಂಬ ಕೋಣೆಯಲ್ಲಿ ಕೂಡಿಟ್ಟು ಅನಂತರ ಹೂಳುವ ಪದ್ಧತಿಯಿದೆ. ಕೈರೋ ನಗರದ ಬೆನ್ ಎಜ್ರಾ ಸಭಾಮಂದಿರದ ಗೆನಿಜಾದಿಂದ 1896-97ರಲ್ಲಿ ಸಾಲೊಮನ್ ಶೆಕ್ಟರ್ ಒಂದೂವರೆ ಲಕ್ಷಕ್ಕೂ ಹೆಚ್ಚು ತುಣುಕುಗಳನ್ನು ಕೇಂಬ್ರಿಜ್‌ಗೆ ಒಯ್ದರು. ಮಧ್ಯಯುಗದ ಭಾರತದೊಡನೆ ನಡೆದ ವ್ಯಾಪಾರದ ಪತ್ರಗಳೂ ಇವುಗಳಲ್ಲಿವೆ. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯೆಹೂದ್ಯ ವರ್ತಕ ಅಬ್ರಹಾಂ ಬೆನ್ ಯಿಜುನ ಪತ್ರವ್ಯವಹಾರ ತಿಳಿದುಬಂದದ್ದು ಈ ಹಾಳೆಗಳ ಮೂಲಕವೇ. ಬರಹವುಳ್ಳ ಹಾಳೆಯನ್ನು ಗೌರವದಿಂದ ಕಾಣುವ ಪದ್ಧತಿಯಿಂದಾಗಿ ಕರಾವಳಿಯ ಇತಿಹಾಸದ ಒಂದು ಅಧ್ಯಾಯ ಉಳಿಯುವಂತಾಯಿತು.

ಕ್ರೈಸ್ತ ಸಂಪ್ರದಾಯದಲ್ಲಿ

ಯೇಸು ದೇವಾಲಯದಲ್ಲಿ ವ್ಯಾಪಾರಿಗಳನ್ನು ಹೊರಡಿಸಿದ ಪ್ರಸಂಗ ನಾಲ್ಕು ಸುವಾರ್ತೆಗಳಲ್ಲಿಯೂ ಇದೆ. ಸರಕನ್ನು ಹೊತ್ತು ದೇವಾಲಯದ ಮೂಲಕ ಹಾದುಹೋಗುವುದಕ್ಕೂ ಆತನು ಬಿಡಲಿಲ್ಲವೆಂದು ಮಾರ್ಕನು ಬರೆಯುತ್ತಾನೆ. ಇನ್ನೊಂದೆಡೆ, ಕಾಣಿಕೆ ತಂದವನಿಗೆ ಸಹೋದರನೊಡನೆ ಮನಸ್ತಾಪವಿರುವುದು ನೆನಪಾದರೆ, ಕಾಣಿಕೆಯನ್ನು ವೇದಿಕೆಯ ಮುಂದೆಯೇ ಬಿಟ್ಟು ಮೊದಲು ಹೋಗಿ ಒಂದಾಗಬೇಕೆಂಬ ಬೋಧನೆ ಮತ್ತಾಯನ ಸುವಾರ್ತೆಯಲ್ಲಿದೆ. ಕೊರಿಂಥದ ಸಭೆಯಲ್ಲಿ ಬಡವರು ಹಸಿದಿರುವಾಗ ಉಳಿದವರು ಹೊಟ್ಟೆತುಂಬ ತಿಂದು ಕುಡಿಯುತ್ತಿದ್ದುದನ್ನು ಪೌಲನು ಕರ್ತನ ಭೋಜನಕ್ಕೆ ಮಾಡಿದ ಅಗೌರವವೆಂದೇ ಖಂಡಿಸಿದನು.

ಕಥೋಲಿಕ ಮತ್ತು ಆರ್ಥೊಡಾಕ್ಸ್ ಸಭೆಗಳಲ್ಲಿ ಪರಮಪ್ರಸಾದ, ಬಲಿಪೀಠ ಮತ್ತು ಪಾತ್ರೆಗಳಿಗೆ ವಿಶೇಷ ಮರ್ಯಾದೆ ಸಲ್ಲುತ್ತದೆ. 16ನೆಯ ಶತಮಾನದ ಧರ್ಮಸುಧಾರಣೆಯ ನಂತರ ಹಲವು ಪ್ರಾಟೆಸ್ಟೆಂಟ್ ಸಭೆಗಳು ವಸ್ತುಗಳ ಪಾವಿತ್ರ್ಯಕ್ಕಿಂತ ವಾಕ್ಯದ ಶ್ರವಣಕ್ಕೆ ಪ್ರಾಧಾನ್ಯ ನೀಡಿದವು.

ಭಾರತದ ಕಥೋಲಿಕ ಸಭೆಯಲ್ಲಿ ಗೌರವಸೂಚನೆಯ ಕ್ರಮಗಳನ್ನು ದೇಶೀಯ ಪದ್ಧತಿಗೆ ಹೊಂದಿಸಿಕೊಳ್ಳಲು 1969ರಲ್ಲಿ ರೋಮ್ 12 ಅಂಶಗಳಿಗೆ ಒಪ್ಪಿಗೆ ನೀಡಿತು. ಪಾದರಕ್ಷೆ ಕಳಚುವುದು, ಮಂಡಿಯೂರುವುದಕ್ಕೆ ಬದಲಾಗಿ ಕೈಮುಗಿದು ಬಾಗುವುದು, ಪವಿತ್ರ ವಸ್ತುಗಳನ್ನು ಮುದ್ದಿಡುವುದಕ್ಕೆ ಬದಲಾಗಿ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು, ಎಣ್ಣೆಯ ದೀಪ ಮತ್ತು ಆರತಿ ಇವುಗಳಲ್ಲಿ ಸೇರಿವೆ. ಬೆಂಗಳೂರಿನಲ್ಲಿ 1967ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರವೂ ಅದರ ನಿರ್ದೇಶಕರಾಗಿದ್ದ ಡಿ. ಎಸ್. ಅಮಲೋರ್ಪವದಾಸ್ ಅವರೂ ಈ ಪ್ರಯತ್ನದಲ್ಲಿ ಪ್ರಮುಖ ಪಾತ್ರ ವಹಿಸಿದರು. ಈ ಬದಲಾವಣೆಗಳಿಗೆ ಸಭೆಯೊಳಗೆ ವಿರೋಧವೂ ವ್ಯಕ್ತವಾಯಿತು.

ವಿದ್ವಾಂಸರ ವ್ಯಾಖ್ಯಾನಗಳು

ಜರ್ಮನ್ ವಿದ್ವಾಂಸ ರುಡಾಲ್ಫ್ ಒಟ್ಟೊ 1917ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಪವಿತ್ರವಾದದ್ದರ ಎದುರಿನಲ್ಲಿ ಮನುಷ್ಯನಿಗೆ ಭಯವೂ ಆಕರ್ಷಣೆಯೂ ಒಟ್ಟಿಗೇ ಉಂಟಾಗುತ್ತವೆ ಎಂದು ವಾದಿಸಿದರು. ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರ ತಮ್ಮ ಕೃತಿಯಲ್ಲಿ ಯಾಜಕಕಾಂಡದ ನಿಯಮಗಳನ್ನು ಜಗತ್ತಿನ ಅಚ್ಚುಕಟ್ಟು ಮತ್ತು ಪೂರ್ಣತೆಯ ಕಲ್ಪನೆಯೊಡನೆ ಜೋಡಿಸಿದರು. ಯಾಜಕಕಾಂಡಕ್ಕೆ ವಿಸ್ತೃತ ಭಾಷ್ಯ ಬರೆದ ಜೇಕಬ್ ಮಿಲ್ಗ್ರಂ ಅವರ ಪ್ರಕಾರ ಜನರು ಎಲ್ಲಿಯೇ ಅಪರಾಧ ಮಾಡಿದರೂ ಅದರ ಕಲೆ ಪವಿತ್ರಸ್ಥಾನಕ್ಕೆ ಅಂಟುತ್ತದೆ. ದೋಷಪರಿಹಾರಕ ದಿನದ ವಿಧಿಯು ಆ ಕಲೆಯನ್ನು ತೊಳೆಯುವ ಕ್ರಮವಾಗಿದೆ. ಈ ವ್ಯಾಖ್ಯಾನದಂತೆ ಗುಡಾರದ ಹೊರಗಿನ ನಡತೆ ಮತ್ತು ಒಳಗಿನ ಪಾವಿತ್ರ್ಯಗಳು ಪರಸ್ಪರ ಸಂಬಂಧವಿಲ್ಲದ ಎರಡು ವಿಷಯಗಳಲ್ಲ.